ಬೆಂಕಿ ಹತ್ತಲ್ಲ ಸಿಸ್ಟರ್

ನನಗೆ ಜಿಡ್ಡು ಕಂಡರೆ ಆಗೋದಿಲ್ಲ. ಮನೆಯಲ್ಲಾದರೆ ಇದನ್ನ ಅಚ್ಚುಕಟ್ಟು ಅಂತ ಹೊಗಳಬಹುದು. ಆದರೆ ನಾನು ನಡೆಸೋದು ಕಬ್ಬಿಣದ ಗೇಟು, ಕಿಟಕಿ ಗ್ರಿಲ್ಲು, ಮಹಡಿ ಮೆಟ್ಟಿಲು ಮಾಡುವ ವೆಲ್ಡಿಂಗ್ ಶೆಡ್ಡು. ಅಲ್ಲಿ ಜಿಡ್ಡು ಕಂಡರೆ ಆಗಲ್ಲ ಅನ್ನುವುದು ಮೀನಂಗಡಿ ಇಟ್ಟುಕೊಂಡು ಮೂಗು ಮುಚ್ಚಿಕೊಂಡ ಹಾಗೆ. ನಮ್ಮ ಗಲ್ಲಿಯಲ್ಲಿ ಎಲ್ಲರಿಗೂ ಇದು ಗೊತ್ತು, ಎಲ್ಲರೂ ನಗುತ್ತಾರೆ, ನಗಲಿ ಬಿಡಿ.

ಶೆಡ್ಡು ಇರುವುದು ಯಶವಂತಪುರದಿಂದ ಮತ್ತಿಕೆರೆಗೆ ಬರುವ ದಾರಿಯ ಒಂದು ಗಲ್ಲಿಯಲ್ಲಿ. ಅಪ್ಪ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು, ಕೆಲಸ ಬಿಟ್ಟು ಬಂದು ಇದನ್ನ ಹಾಕಿದರು. ಅವರು ತೀರಿಕೊಂಡ ಮೇಲೆ ನೆಂಟರೆಲ್ಲ, "ಹೆಣ್ಮಗಳು ಇದನ್ನೆಲ್ಲ ನಡೆಸೋಕಾಗುತ್ತೇನಮ್ಮಾ, ಬಾಡಿಗೆಗೆ ಕೊಟ್ಬಿಡು" ಅಂದರು. ನನಗೆ ಯಾರಾದರೂ ಆಗಲ್ಲ ಅಂದರೆ ಮೈಯೆಲ್ಲ ಉರಿಯುತ್ತೆ. ಮರುದಿನವೇ ಹೋಗಿ ಶಟರ್ ಎತ್ತಿದೆ.

ಎತ್ತಿದೆ ಅಂತ ಜಂಭ ಕೊಚ್ಚಿಕೊಂಡರೂ ನಿಜವಾಗಿ ಶೆಡ್ಡು ನಿಂತಿದ್ದು ಭಾಯ್ ಮೇಲೆ. ಭಾಯ್ ನಮ್ಮ ವೆಲ್ಡರು. ಮನೆ ಗಂಗಾನಗರದಲ್ಲಿ. ನಾನು ಎರಡು ಜಡೆ ಹಾಕಿಕೊಂಡು ಸ್ಕೂಲಿಗೆ ಹೋಗುವಾಗಿನಿಂದ ಅಪ್ಪನ ಜೊತೆ ಇದ್ದವರು. ಗಿರಾಕಿಗಳು ನಿಂತಿದ್ದರೆ ನನ್ನನ್ನ "ಮೇಡಂ, ಅಳತೆ ನೋಡ್ಬಿಡಿ" ಅನ್ನುತ್ತಾರೆ. ಗಿರಾಕಿ ಗಲ್ಲಿ ದಾಟಿದ ತಕ್ಷಣ, "ಏನಮ್ಮಾ ನೀನು, ಇಂಚಿಗೂ ಸೆಂಟಿಮೀಟರಿಗೂ ವ್ಯತ್ಯಾಸ ಗೊತ್ತಿಲ್ದೆ ಓನರ್ ಆಗ್ಬಿಟ್ಟಿದ್ದೀಯ" ಅನ್ನುತ್ತಾರೆ. ಅವರ ವೆಲ್ಡಿಂಗ್ ಮಾತ್ರ ನೋಡಬೇಕು. ಅಷ್ಟು ನೀಟಾಗಿ ನನ್ನ ಅಮ್ಮ ಸೀರೆಗೆ ಫಾಲ್ ಹಚ್ಚುತ್ತಿರಲಿಲ್ಲ.

ಒಂದೇ ತೊಂದರೆ, ಮಾಸ್ಕ್ ಹಾಕುವುದಿಲ್ಲ. ಕಣ್ಣಿಗೆ ಕಪ್ಪು ಗಾಜಿನ ಶೀಲ್ಡು, ಮೂಗಿಗೆ ಒದ್ದೆ ಕರ್ಚೀಫು, ಕೆಲಸ ಮುಗಿದ ಮೇಲೆ ಒಂದು ಉಂಡೆ ಬೆಲ್ಲ. "ಬೆಲ್ಲ ತಿಂದ್ರೆ ಹೊಗೆ ಎಲ್ಲ ಎಳ್ಕೊಂಡು ಕೆಳಗೆ ಹೋಗ್ಬಿಡುತ್ತೆ" ಅಂತ ನಮ್ಮ ಕಸುಬಿನವರೆಲ್ಲ ನಂಬಿದ್ದಾರೆ. ಗಂಟಲಿಂದ ಹೊಟ್ಟೆಗೆ ಹೋಗುವ ಬೆಲ್ಲ ಎದೆಯೊಳಗಿನ ಹೊಗೆಯನ್ನ ಅದು ಹೇಗೆ ಹಿಡಿಯುತ್ತೆ ಅಂತ ಒಂದು ಸಲ ಕೇಳಿದೆ. "ನಿಮ್ಮಪ್ಪನೂ ತಿಂತಿದ್ರು" ಅಂದರು. ಅಪ್ಪನ ಹೆಸರೆತ್ತಿದರೆ ನಾನು ಬಾಯಿ ಮುಚ್ಚುತ್ತೇನೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಈಗ ಆಯುಧಪೂಜೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಗಲ್ಲಿಯಲ್ಲಿ ಯುಗಾದಿ, ದೀಪಾವಳಿ ಎಲ್ಲ ಆಮೇಲೆ. ಆಯುಧಪೂಜೆ ಅಂದರೆ ಆ ದಿನ ಡ್ರಿಲ್ಲು, ಕಟ್ಟರು, ಗ್ರೈಂಡರು ಎಲ್ಲಕ್ಕೂ ರಜ, ಎಲ್ಲಕ್ಕೂ ಕುಂಕುಮ, ಎಲ್ಲಕ್ಕೂ ಚೆಂಡುಹೂವು. ಹೂ ಮುಡಿದ ಮಿಷನ್ನನ್ನ ಆ ದಿನ ಆನ್ ಮಾಡುವ ಹಾಗಿಲ್ಲ. ವೆಲ್ಡಿಂಗ್ ಮಿಷನ್ ಒಂದಕ್ಕೆ ಮಾತ್ರ ವಿನಾಯಿತಿ. ಮಂಗಳಾರತಿ ಆದ ಮೇಲೆ ಎರಡು ತುಂಡು ಹೊಸ ಪೈಪು ತೆಗೆದುಕೊಂಡು ಭಾಯ್ ಒಂದನ್ನ ಇನ್ನೊಂದಕ್ಕೆ ಬೆಸೆಯುತ್ತಾರೆ. ಅದು ಮುಹೂರ್ತದ ವೆಲ್ಡು. ಅಪ್ಪನ ಕಾಲದಿಂದ ಬಂದ ಪದ್ಧತಿ. ಶುರು ಮಾಡಿದರೆ ಅರ್ಧಕ್ಕೆ ನಿಲ್ಲಿಸಬಾರದು, ನಿಲ್ಲಿಸಿದರೆ ವರ್ಷವಿಡೀ ಕೆಲಸ ಅರ್ಧರ್ಧಕ್ಕೇ ನಿಲ್ಲುತ್ತೆ. ಬೆಸೆದ ಆ ತುಂಡನ್ನ ದೇವರ ಪಟದ ಪಕ್ಕ ಮುಂದಿನ ವರ್ಷದವರೆಗೂ ಇಡುತ್ತೇವೆ. ನಮಾಜು ಬಿಡದ ಭಾಯ್ ಇಪ್ಪತ್ತು ವರ್ಷದಿಂದ ಈ ವೆಲ್ಡ್ ಹಾಕುತ್ತಿದ್ದಾರೆ. ನಿಂಬೆಹಣ್ಣನ್ನೂ ಅವರೇ ತರುತ್ತಾರೆ, ನಾನು ಆರಿಸಿದ್ದು ಸಣ್ಣದಾಗಿರುತ್ತಂತೆ.

ಹೋದ ವರ್ಷದ ಮಾತು. ದೇವರ ಪಕ್ಕ ಇಡುವ ತುಂಡಲ್ಲವಾ, ಫಳಫಳ ಅನ್ನಬೇಕು ಅಂತ ನನಗೆ ಹಠ ಬಂತು. ಹೊಸ ಪೈಪು ಅಂದರೆ ಹೊಳೆಯುತ್ತೆ ಅಂದುಕೊಳ್ಳಬೇಡಿ. ತುಕ್ಕು ಹಿಡಿಯದಿರಲಿ ಅಂತ ಕಂಪನಿಯವರೇ ಒಳಗೂ ಹೊರಗೂ ಎಣ್ಣೆ ಬಳಿದು ಕಳಿಸಿರುತ್ತಾರೆ, ಅದಕ್ಕೆ ಬೆಂಗಳೂರಿನ ಧೂಳು ಮೆತ್ತಿ ಕಾಡಿಗೆ ಹಾಗೆ ಆಗಿರುತ್ತೆ. ಸೋಪಿಗೆ ಸುಲಭಕ್ಕೆ ಬಗ್ಗಲ್ಲ. ಪೆಟ್ರೋಲು, ಸೀಮೆಎಣ್ಣೆ, ಥಿನ್ನರು ಬೇಡವೇ ಬೇಡ ಅಂತ ನಾನು ಮೊದಲೇ ತೀರ್ಮಾನ ಮಾಡಿದ್ದೆ, ಕಿಡಿ ಹಾರುವ ಜಾಗದಲ್ಲಿ ಬೆಂಕಿ ಹತ್ತುವ ಸಾಮಾನು ಇಡಬಾರದು ಅನ್ನುವಷ್ಟು ಬುದ್ಧಿ ನನಗೂ ಇದೆ. ಹಾಗಾಗಿ ಪೂಜೆಯ ಹಿಂದಿನ ದಿನ ಪಕ್ಕದ ಪ್ಲೇಟಿಂಗ್ ಶೆಡ್ಡಿಗೆ ಹೋದೆ. ಅವರದು ಕಬ್ಬಿಣಕ್ಕೆ ಬಣ್ಣಬಣ್ಣದ ಲೇಪ ಕೊಡುವ ಕೆಲಸ, ಲೇಪಕ್ಕೆ ಮುಂಚೆ ಜಿಡ್ಡು ತೆಗೆಯಲೇಬೇಕು, ಅದಕ್ಕೊಂದು ದ್ರಾವಣ ಇಟ್ಟಿರುತ್ತಾರೆ.

ಓನರು ಅಡುಗೆ ಎಣ್ಣೆಯ ಹಳೇ ಕ್ಯಾನಿನಲ್ಲಿ ಎರಡು ಲೀಟರ್ ಹಾಕಿಕೊಟ್ಟರು. ನೀರಿನ ಹಾಗೇ ಕಾಣುತ್ತಿತ್ತು, ಸ್ವಲ್ಪ ಸಿಹಿ ವಾಸನೆ. ನಾನು ಬಹಳ ಜಾಣತನದಿಂದ ಒಂದು ಪ್ರಶ್ನೆ ಕೇಳಿದೆ. "ಇದು ಬೆಂಕಿಗೆ ಹತ್ಕೊಳ್ಳುತ್ತಾ?"

"ಬೆಂಕಿ ಹತ್ತಲ್ಲ ಸಿಸ್ಟರ್. ಕಡ್ಡಿ ಗೀರಿದ್ರೂ ಹತ್ತಲ್ಲ" ಅಂದರು.

ಅಷ್ಟೇ ಸಾಕಾಯಿತು ನನಗೆ. ಬೆಂಕಿ ಹತ್ತದೇ ಇರೋದು ಏನೂ ಮಾಡದು ಅಂತ ನನ್ನ ತಲೆಯಲ್ಲಿ ಕೂತಿತ್ತು. ಬಂದವಳೇ ಸೊಂಟಕ್ಕೆ ದುಪಟ್ಟಾ ಸಿಗಿಸಿಕೊಂಡು ಕೂತೆ. ಆ ಚೌಕ ಪೈಪುಗಳ ಹೊರಮೈ ಒರೆಸಿದರೆ ಏನು ಮಾಯ ಅಂತೀರಿ, ಕನ್ನಡಿ! ಹೊರಗಡೆ ಇಷ್ಟು ಚೆನ್ನಾಗಿ ಬಂತಲ್ಲ, ಒಳಗಡೆ ಯಾಕೆ ಬಿಡಬೇಕು? ಪೈಪಿನ ಒಂದು ತುದಿಗೆ ಬಟ್ಟೆ ತುರುಕಿದೆ, ಒಳಗೆ ದ್ರಾವಣ ಹುಯ್ದೆ, ಇನ್ನೊಂದು ತುದಿಗೂ ಬಟ್ಟೆ ತುರುಕಿ ಚೆನ್ನಾಗಿ ಅಲ್ಲಾಡಿಸಿದೆ. ಕಪ್ಪು ನೀರು ಬಗ್ಗಿಸಿ ಇನ್ನೊಂದು ಸುತ್ತು. ರಾತ್ರಿ ಒಳಗೆ ಧೂಳು ಹೋಗಬಾರದಲ್ಲ, ಅದಕ್ಕೆ ಬಟ್ಟೆಯನ್ನ ಹಾಗೇ ಬಿಟ್ಟೆ. ಕಂಡರೆ ಚೆನ್ನಾಗಿರಲ್ಲ ಅಂತ ಬೆರಳಿನಿಂದ ಒಳಗಡೆಗೆ ನೂಕಿದೆ. ಯಾರೂ ಹೇಳಿಕೊಡಲಿಲ್ಲ, ಅಷ್ಟೂ ನನ್ನದೇ ಬುದ್ಧಿವಂತಿಕೆ.

ಮಾರನೇ ದಿನ ಬೆಳಗ್ಗೆ ಶೆಡ್ಡು ಮದುವೆಮನೆ ಆಗಿತ್ತು. ಬಾಗಿಲಿಗೆ ಬಾಳೆಕಂದು, ಮಿಷನ್ನುಗಳಿಗೆ ವಿಭೂತಿ. ಗಾಳಿಗೆ ದೀಪ ಆರುತ್ತಿತ್ತು ಅಂತ ಶಟರನ್ನ ಸೊಂಟದವರೆಗೆ ಇಳಿಸಿದೆ. ಹೊಗೆ ಎಳೆಯುವ ಎಕ್ಸಾಸ್ಟ್ ಫ್ಯಾನಿಗೂ ನಾನೇ ಸ್ಟೂಲು ಹತ್ತಿ ದಪ್ಪ ಹಾರ ಹಾಕಿದ್ದೆ, ಅದೂ ನಮ್ಮ ಮಿಷನ್ನೇ ತಾನೆ. ಹಾರ ಹಾಕಿದ ಮೇಲೆ ಅದನ್ನ ತಿರುಗಿಸುವ ಮಾತೇ ಇಲ್ಲ.

ಮಂಗಳಾರತಿ ಆಯಿತು. ಭಾಯ್ ಬಿಳಿ ಜುಬ್ಬದ ತೋಳು ಮಡಚಿಕೊಂಡು ಪೈಪಿನ ಮುಂದೆ ಕುಕ್ಕರಗಾಲಲ್ಲಿ ಕೂತರು. "ಏನಮ್ಮಾ ಇದು, ಮುಖ ಕಾಣ್ತಿದೆಯಲ್ಲ ಇದ್ರಲ್ಲಿ!" ಅಂದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ನಾನು ಬಾಗಿಲ ಹತ್ತಿರ ಬಗ್ಗಿ ನಿಂತು ಮೊಬೈಲಿನಲ್ಲಿ ವೀಡಿಯೋ ಹಿಡಿದೆ, ಸ್ಟೇಟಸ್ಸಿಗೆ ಹಾಕಬೇಕಿತ್ತು.

ಮೊದಲ ಬದಿ ಆಯಿತು. ಎರಡನೇ ಬದಿ ಹಾಕುವಾಗ ಪೈಪಿನ ತುದಿಯಿಂದ ಬಿಳಿ ಹೊಗೆ ಬಂತು, ನೇರ ಅವರ ಮುಖಕ್ಕೆ. ಸಾಂಬ್ರಾಣಿ ಹೊಗೆ ಬೇರೆ ಇತ್ತು, ನಾನು ಅದೇ ಅಂದುಕೊಂಡೆ. ಆಮೇಲೆ ಮೂಗಿಗೆ ಚುಚ್ಚಿತು, ಖಾರ ಖಾರ, ಅದರ ಹಿಂದೆಯೇ ಒದ್ದೆ ಹುಲ್ಲು ಮುಗ್ಗಿದಂಥ ವಾಸನೆ. ಶೀಲ್ಡಿನ ಹಿಂದೆ ಭಾಯ್ ಕೆಮ್ಮಿದರು. ವೆಲ್ಡಿಂಗ್ ರಾಡು ಎತ್ತಿದರು. ನನ್ನ ಕಡೆ ತಿರುಗಿ, "ಏನೋ ಬರ್ತಿದೆಯಮ್ಮಾ ಇದ್ರಿಂದ" ಅಂದರು.

ಆ ವೀಡಿಯೋದಲ್ಲಿ ಆಮೇಲೆ ಕೇಳಿಸುವುದು ನನ್ನ ದನಿ. "ಅಯ್ಯೋ, ನಿಲ್ಲಿಸ್ಬೇಡಿ ಭಾಯ್! ಇನ್ನೆರಡೇ ಸೈಡು."

ಅವರು ನಿಲ್ಲಿಸಲಿಲ್ಲ. ಉಸಿರು ಕಟ್ಟಿ ಕಟ್ಟಿ, ಕೆಮ್ಮಿ ಕೆಮ್ಮಿ ನಾಲ್ಕೂ ಬದಿ ಮುಗಿಸಿದರು. ಕಣ್ಣಲ್ಲಿ ಧಾರಾಕಾರ ನೀರು. ಹೊರಗೆ ಬಂದು ಕಲ್ಲಿನ ಮೇಲೆ ಕೂತು ನೀರು ಕುಡಿದರು, ಬೆಲ್ಲ ತಿಂದರು. ಹತ್ತು ನಿಮಿಷಕ್ಕೆ ಕೆಮ್ಮು ನಿಂತಿತು. ಬೂದುಗುಂಬಳಕಾಯಿ ಅವರೇ ಒಡೆದರು, ಕಡ್ಲೆಪುರಿ ಬೂಂದಿ ಹಂಚಿದರು, ಎದುರು ಅಂಗಡಿಯವನಿಗೆ ಕೀಟಲೆ ಮಾಡಿದರು. ಮಧ್ಯಾಹ್ನ ಪೊಟ್ಟಣ ಕಟ್ಟಿಕೊಂಡು ಸ್ಕೂಟರಿನಲ್ಲಿ ಹೋದರು. ನನ್ನ ಗಂಟಲು ಕೂಡ ಸ್ವಲ್ಪ ಕೆರೆಯುತ್ತಿತ್ತು, ಹಬ್ಬದ ಎಣ್ಣೆ ತಿಂಡಿ ಇರಬೇಕು ಅಂತ ಬಿಸಿನೀರು ಕುಡಿದೆ.

ಸಂಜೆ ಆರೂವರೆಗೆ ಅವರ ಹೆಂಡತಿ ಫೋನು. "ಅಮ್ಮಾ, ಇವ್ರಿಗೆ ಉಸ್ರು ಹಿಡೀತಾ ಇದೆ. ಗ್ಯಾಸ್ಟ್ರಿಕ್ ಅಂತ ಜೀರಿಗೆ ನೀರು ಕೊಟ್ಟೆ, ಇಲ್ಲ. ಮಲಗಿದ್ರೆ ಜಾಸ್ತಿ ಆಗುತ್ತೆ, ಎದ್ದು ಕೂತಿದಾರೆ. ಕೆಮ್ಮಿದ್ರೆ ನೊರೆ ಬರುತ್ತೆ." ಹಿಂದಿನಿಂದ ಭಾಯ್ ದನಿ ಕೇಳಿಸಿತು, ಏನಿಲ್ಲ ಅಂತ ಹೇಳು ಅನ್ನುತ್ತಿದ್ದರು. ಆ ಮೂರು ಪದಕ್ಕೆ ಮೂರು ಸಲ ಉಸಿರು ತೆಗೆದುಕೊಂಡರು. ಅದನ್ನ ಕೇಳಿ, ಈಗಲೇ ಆಸ್ಪತ್ರೆಗೆ ಹೊರಡಿ ಅಂದೆ.

ಹೆಬ್ಬಾಳದ ಹತ್ತಿರದ ಒಂದು ಆಸ್ಪತ್ರೆಗೆ ಅವರು ಆಟೋದಲ್ಲಿ ಬಂದರು, ನಾನು ಸ್ಕೂಟಿಯಲ್ಲಿ. ಹಬ್ಬದ ದಿನ, ಮುಂದೆ ಹೋಗುವ ಪ್ರತಿ ಲಾರಿಯ ಮೂತಿಗೂ ಬಾಳೆಕಂದು ಕಟ್ಟಿತ್ತು. ಹಾದಿಯುದ್ದಕ್ಕೂ ಹಾರ್ನು ಹೊಡೆದು ಎಲ್ಲರಿಂದಲೂ ಬೈಸಿಕೊಂಡೆ.

ಒಳಗೆ ಭಾಯ್‌ಗೆ ಆಕ್ಸಿಜನ್ ಹಾಕಿದ್ದರು. ತುಟಿ ನೀಲಿ. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಹೆಸರಿಗೂ ನಗು ಇಲ್ಲ. "ಬೆಳಗ್ಗೆ ಏನ್ ಕೆಲಸ ಮಾಡಿದ್ರು?"

"ವೆಲ್ಡಿಂಗು" ಅಂದೆ. "ದಿನಾ ಮಾಡೋದೇ. ಮೂವತ್ತು ವರ್ಷದ ಅಭ್ಯಾಸ ಅವ್ರಿಗೆ."

"ಇದು ದಿನದ ಹೊಗೆ ಅಲ್ಲ. ಆ ಕಬ್ಬಿಣಕ್ಕೆ ಏನಾದ್ರೂ ಹಚ್ಚಿತ್ತಾ? ಪೇಂಟು, ಕೆಮಿಕಲ್ಲು?"

"ಗೊತ್ತಿಲ್ಲ" ಅಂದೆ.

ಗೊತ್ತಿತ್ತು. ಅವರು ಕೆಮಿಕಲ್ಲು ಅಂದ ತಕ್ಷಣ ಆ ಎಣ್ಣೆ ಕ್ಯಾನು ಕಣ್ಣ ಮುಂದೆ ಬಂದು ನಿಂತಿತ್ತು. ಪೊಲೀಸು, ಕೇಸು, ಶೆಡ್ಡಿಗೆ ಬೀಗ, ನೆಂಟರ ಮುಖ, ಎಲ್ಲ ಒಟ್ಟಿಗೆ ಬಂದವು. ಮಂಚದ ಮೇಲೆ ಒಬ್ಬ ಮನುಷ್ಯ ಗಾಳಿಗೆ ಒದ್ದಾಡುತ್ತಿದ್ದರೆ ನಾನು ನೆಂಟರ ಮುಖ ನೆನೆಯುತ್ತಿದ್ದೆ. ಎರಡು ನಿಮಿಷ ಹಾಗೇ ಕಳೆದೆ. ಇವತ್ತಿಗೂ ಆ ಎರಡು ನಿಮಿಷಕ್ಕೆ ನನಗೆ ನನ್ನ ಮೇಲೆ ಅಸಹ್ಯ ಇದೆ, ಅದನ್ನ ಮೆತ್ತಗೆ ಮಾಡಿ ಹೇಳೋಕೆ ಬರಲ್ಲ.

ಆಮೇಲೆ ಕಾರಿಡಾರಿಗೆ ಹೋಗಿ ಪ್ಲೇಟಿಂಗಿನವರಿಗೆ ಫೋನ್ ಮಾಡಿದೆ. ಪೂಜೆ ಮುಗಿಸಿ ಊಟಕ್ಕೆ ಕೂತಿದ್ದರಂತೆ. "ಅಣ್ಣಾ, ಆ ಕ್ಯಾನಲ್ಲಿ ಇದ್ದಿದ್ದೇನು? ಹೆಸರು ಹೇಳಿ."

"ಟ್ರೈಕ್ಲೋರ್ ಸಿಸ್ಟರ್. ಯಾಕೆ?"

"ಅದ್ರಲ್ಲಿ ತೊಳೆದ ಪೈಪಿಗೆ ವೆಲ್ಡಿಂಗ್ ಹಾಕಿದ್ವಿ."

"ಅಯ್ಯಯ್ಯೋ! ಅದ್ನ ವೆಲ್ಡಿಂಗ್ ಹತ್ರ ಯಾರಾದ್ರೂ ತರ್ತಾರಾ? ಸಾಮಾನು ಉಜ್ಜೋಕೆ, ಮಿಷನ್ ಒರೆಸೋಕೆ ಅಂದ್ಕೊಂಡೆ ನಾನು. ನೀವು ಬೆಂಕಿ ಹತ್ತುತ್ತಾ ಅಂತ ತಾನೆ ಕೇಳಿದ್ದು!" ಅಂದರು. ಅವರದೇನು ತಪ್ಪು, ನಾನು ಕೇಳಿದ್ದು ಅದೊಂದನ್ನೇ.

ಒಳಗೆ ಬಂದು ಎಲ್ಲವನ್ನೂ ಹೇಳಿದೆ. ಟ್ರೈಕ್ಲೋರ್, ಪೈಪಿನೊಳಗೆ ಒದ್ದೆ ಬಟ್ಟೆ, ಅರ್ಧ ಇಳಿಸಿದ ಶಟರು, ಹಾರ ಹಾಕಿದ ಫ್ಯಾನು. ನಿಲ್ಲಿಸಬೇಡಿ ಅಂದದ್ದನ್ನೂ ಹೇಳಿದೆ. ಡಾಕ್ಟರಮ್ಮ ಬರೆದುಕೊಳ್ಳುತ್ತಾ ನರ್ಸಿಗೆ ಐಸಿಯು ಅಂದರು. ನನ್ನ ಕಡೆ ತಿರುಗಿ, "ಬೆಂಕಿ ಹತ್ತಲ್ಲ, ನಿಜ. ಆದ್ರೆ ವೆಲ್ಡಿಂಗಿನ ಬಿಸಿ, ಆ ಬೆಳಕು ತಗುಲಿದ್ರೆ ಅದು ಒಡೆದು ಬೇರೆ ಗ್ಯಾಸ್ ಆಗುತ್ತೆ. ಫಾಸ್ಜೀನ್ ಅಂತ. ಎಳ್ಕೊಂಡಾಗ ಸ್ವಲ್ಪ ಕೆಮ್ಮು ಬಂದು ನಿಲ್ಲುತ್ತೆ, ಸರಿಹೋಯ್ತು ಅಂದ್ಕೋತಾರೆ. ಗಂಟೆಗಟ್ಟಲೆ ಆದ್ಮೇಲೆ ಶ್ವಾಸಕೋಶದೊಳಗೆ ನೀರು ತುಂಬ್ಕೊಳ್ಳೋಕೆ ಶುರು ಆಗುತ್ತೆ. ಇವ್ರು ಗ್ಯಾಸ್ಟ್ರಿಕ್ ಅಂತ ಮನೇಲೇ ಮಲಗಿದ್ದಿದ್ರೆ..." ಅಂದು ಅಷ್ಟಕ್ಕೇ ಬಿಟ್ಟರು.

ಭಾಯ್ ಹೆಂಡತಿ ಬೆಂಚಿನ ಮೇಲೆ ಗೋಡೆಗೆ ಒರಗಿ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಬೈದಿದ್ದರೆ ಚೆನ್ನಾಗಿತ್ತು. "ಕಬ್ಬಿಣ ಹೊಳೀಬೇಕು ಅಂತ ಮಾಡಿದ್ದಾ ಅಮ್ಮಾ ಇದೆಲ್ಲ?" ಅಂತ ಕೇಳಿದರು, ಅಷ್ಟೇ. ನಾನು ಹೌದು ಅಂದೆ. ಅವರು ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಕೊಟ್ಟರು, ಪಕ್ಕದಲ್ಲಿ ಕೂತೆ.

ಮೂರು ದಿನ ಐಸಿಯು. ನಾಲ್ಕನೇ ದಿನ ವಾರ್ಡಿಗೆ ತಂದಾಗ ನಾನು ಎಳನೀರು ಹಿಡಿದುಕೊಂಡು ಹೋದೆ. ಭಾಯ್ ಕಣ್ಣು ಬಿಟ್ಟವರೇ ಮೊದಲು ಕೇಳಿದ್ದು, "ವೆಲ್ಡು ಸರಿಯಾಗಿ ಕೂತಿತ್ತೇನಮ್ಮಾ?" ಅಲ್ಲೇ ಅತ್ತುಬಿಟ್ಟೆ. ಆ ತುಂಡನ್ನ ದೇವರ ಪಕ್ಕದಿಂದ ತೆಗೆದು ಗುಜರಿಗೆ ಎಸೆದಿದ್ದೆ ಅಂತ ಹೇಳಿದ್ದಕ್ಕೆ, "ಅಯ್ಯೋ, ಅಷ್ಟು ಕಷ್ಟಪಟ್ಟು ಹಾಕಿದ್ನಲ್ಲಮ್ಮಾ" ಅಂತ ಮುಖ ಸಣ್ಣ ಮಾಡಿದರು. ನರ್ಸು ಬಂದು ಇಬ್ಬರಿಗೂ ಮಾತಾಡಬೇಡಿ ಅಂದಳು.

ಎರಡು ತಿಂಗಳ ಮೇಲೆ ಶೆಡ್ಡಿಗೆ ಬಂದರು. ಅದಕ್ಕೆ ಮುಂಚೆ ನಾನು ಅಲ್ಲಿ ರಾಕ್ಷಸಿ ಆಗಿದ್ದೆ. ಹೆಸರು ಬರೆಯದ ಕ್ಯಾನು ಒಳಗೆ ಬರುವ ಹಾಗಿಲ್ಲ. ಗುಜರಿಯಿಂದ ತಂದ ಡ್ರಮ್ಮು, ಪೈಪು, ಯಾವುದರ ಒಳಗೆ ಏನಿತ್ತು ಅಂತ ಗೊತ್ತಾಗದೆ ವೆಲ್ಡಿಂಗ್ ಇಲ್ಲ. ಹಳೇ ಕೆಮಿಕಲ್ ಡ್ರಮ್ ತಂದು ಇದರಲ್ಲಿ ತಂದೂರಿ ಒಲೆ ಮಾಡಿಕೊಡಿ ಅಂದ ಗಿರಾಕಿಗೆ ಎಂಥ ಉಪದೇಶ ಮಾಡಿದೆ ಅಂದರೆ, ಅವನು ಡ್ರಮ್ಮು ಅಲ್ಲೇ ಬಿಟ್ಟು ಓಡಿದ. ಸತುವಿನ ಲೇಪ ಇರುವ ಪೈಪಾದರೆ ಬೆಸೆಯುವ ಜಾಗದಲ್ಲಿ ಉಜ್ಜಿ ತೆಗೆದ ಮೇಲೇ ಕೆಲಸ. ಜಿಡ್ಡಿಗೆ ಸೋಪು, ಬಿಸಿನೀರು, ಬಿಸಿಲು. ಭಾಯ್‌ಗೆ ಎರಡು ಕಡೆ ಫಿಲ್ಟರ್ ಡಬ್ಬಿ ಇರುವ ಮಾಸ್ಕು ತಂದೆ. "ಆನೆ ಸೊಂಡಿಲು" ಅಂತ ಬೈದುಕೊಂಡೇ ಹಾಕಿದರು. ಬೆಲ್ಲ ಮಾತ್ರ ಬಿಡಲಿಲ್ಲ, ನಾನೂ ಆ ತಂಟೆಗೆ ಹೋಗಲಿಲ್ಲ.

ಆದರೆ ಎದೆ ಮೊದಲಿನ ಹಾಗೆ ಆಗಲಿಲ್ಲ. ಮೊದಲೆಲ್ಲ ಮೂರನೇ ಮಹಡಿಗೆ ಗ್ರಿಲ್ಲು ಹೊತ್ತುಕೊಂಡು ಹಾಡು ಹೇಳುತ್ತಾ ಹತ್ತುತ್ತಿದ್ದ ಮನುಷ್ಯ ಈಗ ಮೊದಲ ಮಹಡಿಯಲ್ಲಿ ನಿಂತು, ಗೋಡೆ ಸೊಟ್ಟಗಿದೆಯಾ ನೋಡ್ತಿದೀನಿ ಅನ್ನುತ್ತಾರೆ. ಆ ಗೋಡೆ ನೆಟ್ಟಗೇ ಇರುತ್ತೆ. ನಾನೂ ಅವರ ಜೊತೆ ನಿಂತು ಗೋಡೆ ನೋಡುತ್ತೇನೆ.

ಈ ವರ್ಷದ ಆಯುಧಪೂಜೆ ಬಂತು. ಮುಹೂರ್ತದ ವೆಲ್ಡು ಬೇಡ, ನಿಲ್ಲಿಸಿಬಿಡೋಣ ಅಂದೆ. ಭಾಯ್ ಒಪ್ಪಲಿಲ್ಲ. "ನಿಮ್ಮಪ್ಪ ಶುರು ಮಾಡಿದ್ದು" ಅಂದರು. ಸರಿ, ಪೈಪನ್ನ ಮೂರು ದಿನ ಮುಂಚೆಯೇ ಸೋಪಿನ ನೀರಲ್ಲಿ ತೊಳೆದೆ, ಬಿಸಿನೀರಲ್ಲಿ ತೊಳೆದೆ, ಎರಡೂ ತುದಿ ತೆರೆದಿಟ್ಟು ತಾರಸಿಯಲ್ಲಿ ಒಣಗಿಸಿದೆ. ಶಟರು ಪೂರ್ತಿ ಮೇಲೆ. ದೀಪ ಎರಡು ಸಲ ಆರಿತು, ಎರಡು ಸಲ ಹಚ್ಚಿದೆ. ಫ್ಯಾನಿಗೆ ಹಾರ ಇಲ್ಲ, ಕುಂಕುಮ ಮಾತ್ರ, ಗಿರ್ ಅಂತ ತಿರುಗುತ್ತಿತ್ತು.

ಮಂಗಳಾರತಿ ಆದ ಮೇಲೆ ಭಾಯ್ ಪೈಪಿನ ಮುಂದೆ ಕೂರಲಿಲ್ಲ. ಕಪ್ಪು ಗಾಜಿನ ಹೆಲ್ಮೆಟ್ಟನ್ನೂ ಮಾಸ್ಕನ್ನೂ ನನ್ನ ಕಡೆ ಚಾಚಿದರು. "ಈ ಸಲ ನೀನು ಹಾಕು."

"ನಾನಾ? ನನಗೆ ಎಲ್ಲಿ ಬರುತ್ತೆ ಭಾಯ್, ಹಾಳು ಮಾಡ್ತೀನಿ."

"ಎರಡು ಚುಕ್ಕೆ ಟ್ಯಾಕ್ ಹಾಕೋಕೆ ನಿಮ್ಮಪ್ಪ ಕಲಿಸಿದ್ದು ನಾನು ನೋಡಿದೀನಿ. ತೊಳೆದೋರೇ ಹಾಕ್ಲಿ. ಇನ್ಮೇಲೆ ನಮ್ಮ ಶೆಡ್ಡಲ್ಲಿ ಹಂಗೇ."

ಕೋಪ ಇರಲಿಲ್ಲ ಆ ಮಾತಿನಲ್ಲಿ. ನಗುತ್ತಲೇ ಅಂದರು. ನಾನೂ ನಗುತ್ತಲೇ ಮಾಸ್ಕು ಕಟ್ಟಿಕೊಂಡು ಕೂತೆ, ಹೆಲ್ಮೆಟ್ಟು ಇಳಿಸಿದೆ, ರಾಡನ್ನ ಪೈಪಿನ ಹತ್ತಿರ ತಂದೆ. ಒಂದು ಬೆರಳಷ್ಟು ದೂರ ಉಳಿದಾಗ ಕೈ ನಿಂತುಬಿಟ್ಟಿತು. ಮೂರು ದಿನ ಮುಂಚೆ ನಾನೇ ತೊಳೆದು ಒಣಗಿಸಿದ ಪೈಪು. ಅದರಲ್ಲಿ ಏನೂ ಇಲ್ಲ ಅಂತ ಬೇರೆ ಯಾರಿಗಾದರೂ ಆಣೆ ಮಾಡಿ ಹೇಳುತ್ತಿದ್ದೆ. ನನ್ನ ಮೂಗಿನ ಮುಂದೆ ಬಂದಾಗ ನಂಬಿಕೆ ಬರಲಿಲ್ಲ.

ಹೆಲ್ಮೆಟ್ಟು ಎತ್ತಿದೆ. "ಒಂದ್ನಿಮಿಷ ಭಾಯ್" ಅಂದು ಪೈಪು ಎತ್ತಿಕೊಂಡು ನಲ್ಲಿಗೆ ಹೋದೆ. ಒಳಗೆ ಬೆರಳು ಹಾಕಿ ನೋಡಿದೆ, ಮೂಸಿದೆ, ಮತ್ತೆ ತೊಳೆಯೋಕೆ ಶುರು ಮಾಡಿದೆ. ಮುಹೂರ್ತ ಮೀರುತ್ತಿತ್ತು, ಕರ್ಪೂರ ಉರಿದು ಮುಗಿದಿತ್ತು, ನನಗೆ ಯಾವುದೂ ಬೇಕಿರಲಿಲ್ಲ. ಭಾಯ್ ಹಿಂದೆಯೇ ಬಂದು ಗೋಡೆಗೆ ಕೈ ಕೊಟ್ಟು, ಒಂದೆರಡು ಉಸಿರು ತೆಗೆದುಕೊಂಡು ನಿಂತರು. ನಾನು ತಲೆ ಎತ್ತಲಿಲ್ಲ. ನನ್ನ ಎದೆ ಕಾಪಾಡಿಕೊಳ್ಳೋಕಾದರೆ ನಲ್ಲಿಯ ಇಷ್ಟು ನೀರು, ಇಷ್ಟು ಹೊತ್ತು. ಹೋದ ವರ್ಷ ಅವರು ಕೆಮ್ಮಿ ನನ್ನ ಕಡೆ ತಿರುಗಿದಾಗ ನನ್ನ ಹತ್ತಿರ ಒಂದು ನಿಮಿಷವೂ ಇರಲಿಲ್ಲ.

"ತೊಳಿಯಮ್ಮಾ" ಅಂದರು ಭಾಯ್. "ನಿಧಾನಕ್ಕೆ ತೊಳಿ. ನಾನು ಕಾಯ್ತೀನಿ."